ಸ್ಟೀರಾಯ್ಡ್ ಬರೆಯುವ ಮುಂಚಿನ ಒಂದು ವಾರ

ಉಡುಪಿಯ ನನ್ನ ಚಿಕಿತ್ಸಾಲಯಕ್ಕೆ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕರುಳಿನ ದೀರ್ಘಕಾಲದ ಉರಿಯೂತದ ರೋಗಿಗಳು ಬರುವುದು ರಕ್ತಭೇದಿ ನಿಲ್ಲಲಿ ಎಂದು. ಅದಕ್ಕೆ ಕೊಡುವ ಸ್ಟೀರಾಯ್ಡಿನಂಥ ಔಷಧಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಮೊದಲೇ ಲಸಿಕೆ ಹಾಕಿಸುವುದು ಒಳ್ಳೆಯದು. ಅವರಲ್ಲಿ ಲಸಿಕೆಯ ಮಾತೆತ್ತಿದರೆ ಯಾರೂ ಹಣ ಬಿಚ್ಚುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು, ಮೂರು ವರ್ಷ ಅದು ನಿಜವೂ ಆಯಿತು.

ಮೊದಲು ಚೀಟಿಯಲ್ಲಿ ಬರೆದು ಕೊಟ್ಟೆ. ಸುಮಾರು 40 ಮಂದಿಯಲ್ಲಿ ಏಳೆಂಟು ಮಂದಿ ಮಾತ್ರ ಹಾಕಿಸಿಕೊಂಡರು. ಹತ್ತಿರದ ಔಷಧದಂಗಡಿಯಲ್ಲಿ ದಾಸ್ತಾನು ಇರಲಿಲ್ಲ. ಮಂಗಳೂರಿನಿಂದ ಐಸ್ ಇಲ್ಲದೆ ಬಸ್ಸಿನಲ್ಲಿ ತಂದ ಲಸಿಕೆಯನ್ನು ಚುಚ್ಚಲು ನಾನು ಒಪ್ಪಲಿಲ್ಲ. ಆಮೇಲೆ ಸ್ವಂತ ಫ್ರಿಜ್ ಇಟ್ಟೆ. ಜುಲೈಯ ಒಂದು ಗಾಳಿಮಳೆಯ ರಾತ್ರಿ ಕರೆಂಟು ಹೋಗಿ, 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಮಾಪಕ ಬೆಳಿಗ್ಗೆ 15 ತೋರಿಸುತ್ತಿತ್ತು. ಇಪ್ಪತ್ತೆರಡು ಸಾವಿರದಷ್ಟು ಮಾಲು ಎಸೆದೆ, ಇನ್ವರ್ಟರಿಗೆ ಮತ್ತಷ್ಟು ಖರ್ಚಾಯಿತು.

ಆದರೂ ಕೈಬಿಡದಿರಲು ಕಾರಣ ಕುಂದಾಪುರ ಕಡೆಯ ಒಬ್ಬ ರೋಗಿ. ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಇನ್ನೊಂದು ಔಷಧವಾದ ಅಜಾಥಿಯೋಪ್ರಿನ್ ಎರಡೂ ನಡೆಯುತ್ತಿದ್ದಾಗ ಹಣೆಯಿಂದ ರೆಪ್ಪೆಯವರೆಗೆ ಸರ್ಪಸುತ್ತು ಎದ್ದು, ಅದರ ಮೇಲೆ ಕಾವಿ ಹಚ್ಚಿಕೊಂಡು ಬಂದಿದ್ದರು. ಕಡತ ತೆರೆದರೆ ಹನ್ನೊಂದು ಭೇಟಿಗಳ ಬರಹವಿತ್ತು, ಲಸಿಕೆಯ ಬಗ್ಗೆ ನಾನು ಒಂದು ಸಲವೂ ಕೇಳಿರಲಿಲ್ಲ.

ಅಂದಿನಿಂದ ಕ್ರಮವನ್ನೇ ತಿರುಗಿಸಿದೆ. ಕೊಲೊನೋಸ್ಕೋಪಿಯ (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆಯ) ದಿನ ರೋಗಿ ಹೇಗೂ ಉಪವಾಸವಿದ್ದು, ಜೊತೆಗೊಬ್ಬರನ್ನು ಕರೆತಂದು, ಖರ್ಚಿಗೆ ಸಿದ್ಧರಾಗಿಯೇ ಬಂದಿರುತ್ತಾರಾದ್ದರಿಂದ ಹೆಪಟೈಟಿಸ್-ಬಿ, ಚಿಕನ್‌ಪಾಕ್ಸ್ ಪ್ರತಿಕಾಯ, ಕ್ಷಯಕ್ಕೆ ಐಗ್ರಾ ಎಂಬ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲವನ್ನೂ ಅಂದೇ ಮುಗಿಸುತ್ತೇನೆ. ಬಯಾಪ್ಸಿ ವರದಿಗೆ ಅವರು ಮರಳಿ ಬಂದಾಗ, ಔಷಧದ ಚೀಟಿ ಬರೆಯುವ ಮೊದಲೇ, ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ ಲಸಿಕೆ), ಫ್ಲೂ, ಹೆಪಟೈಟಿಸ್-ಬಿಯ ಮೊದಲ ಡೋಸ್ ಬೀಳುತ್ತದೆ. ರೋಗ ತೀವ್ರವಾಗಿದ್ದರೆ ಚಿಕಿತ್ಸೆಯನ್ನು ಒಂದು ದಿನವೂ ತಡೆಯುವುದಿಲ್ಲ. ಈ ಮೂರೂ ಜೀವಂತ ರೋಗಾಣುವಿಲ್ಲದ ನಿಷ್ಕ್ರಿಯ ಲಸಿಕೆಗಳಾದ್ದರಿಂದ ಸ್ಟೀರಾಯ್ಡ್ ನಡುವೆಯೂ ಕೊಡಬಹುದು, ಆದರೆ ಫಲ ಕಡಿಮೆ. ಚಿಕನ್‌ಪಾಕ್ಸ್‌ನ ಜೀವಂತ ಲಸಿಕೆ ಮಾತ್ರ ಸ್ಟೀರಾಯ್ಡ್ ಶುರುಮಾಡಲು ನಾಲ್ಕು ವಾರ ಕಾಯಬಲ್ಲವರಿಗೆ. ಸರ್ಪಸುತ್ತಿನ ಹೊಸ ಲಸಿಕೆ ಜೀವಂತವಲ್ಲ, ಆದರೆ ಎರಡು ಡೋಸಿನ ಬೆಲೆ ಬಹಳ ಹೆಚ್ಚಾದ್ದರಿಂದ ಎಲ್ಲರನ್ನೂ ಒತ್ತಾಯಿಸಲಾರೆ.

ಉಳಿದದ್ದು ನಮ್ಮ ನರ್ಸಿನ ಲೆಡ್ಜರಿನ ಕೆಲಸ. ತಿಂಗಳಿಗೊಂದು ಪುಟ, ಮುಂದಿನ ಡೋಸ್, ಅಜಾಥಿಯೋಪ್ರಿನ್‌ನವರ ರಕ್ತಪರೀಕ್ಷೆ ಎಲ್ಲ ಅದರಲ್ಲಿ. ಕಡತದ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಇಸವಿ ಬರೆದಿರುತ್ತದೆ. ರೋಗ ಶುರುವಾಗಿ ಎಂಟು ವರ್ಷಕ್ಕೆ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿ ಆಗಬೇಕಾದ ವರ್ಷ ಅದು. ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿಎಸ್‌ಸಿ ಎಂಬ ರೋಗ ಜೊತೆಗಿದ್ದವರಿಗೆ ಮಾತ್ರ ಮೊದಲ ದಿನದಿಂದಲೇ ಪ್ರತಿವರ್ಷ. ರೋಗಿಗಳಿಗೆ ನರ್ಸ್ ತುಳುವಿನಲ್ಲಿ ಫೋನ್ ಮಾಡುತ್ತಾರೆ. ಮೊದಲ ವಾಕ್ಯ ಏನೆಂಬುದನ್ನು ನಾವಿಬ್ಬರೂ ಬಹಳ ತಿದ್ದಿ ಕಂಡುಕೊಂಡಿದ್ದೇವೆ, ಅದನ್ನು ಇಲ್ಲಿ ಬರೆಯಲಾರೆ.

ನಡುವೆ ಎರಡು ಪ್ರಯೋಗಗಳನ್ನೂ ಮಾಡಿದೆ. ಫ್ಲೂ ಲಸಿಕೆಯನ್ನು ಅಕ್ಟೋಬರಿನಿಂದ ಮೇ ತಿಂಗಳಿಗೆ ತಂದೆ; ಮಳೆ ಹಿಡಿಯುವ ಮೊದಲೇ ಜನ ತಾವಾಗಿ ಬರುತ್ತಾರೆ. ಮೈಕೈ ನೋವಿಗೆ, ಕರುಳಿನ ಈ ಕಾಯಿಲೆಯನ್ನು ಕೆರಳಿಸಬಲ್ಲ ಡೈಕ್ಲೊಫೆನಾಕ್ ಕೊಡಬೇಡಿ ಎಂದು ಔಷಧದಂಗಡಿಗೆ ತೋರಿಸುವ ಚೀಟಿಯನ್ನೂ ಕೊಟ್ಟೆ, ಅದನ್ನು ಜೇಬಿನಲ್ಲಿಟ್ಟುಕೊಂಡವರು ಅರ್ಧದಷ್ಟು ಮಂದಿಯೂ ಇಲ್ಲ.

ಈಚಿನ ಅರವತ್ತು ಹೊಸ ರೋಗಿಗಳಲ್ಲಿ ಐವತ್ತರಷ್ಟು ಮಂದಿಗೆ ನ್ಯುಮೋಕಾಕಲ್ ಮತ್ತು ಫ್ಲೂ ಎರಡೂ ಆಗಿವೆ. ಹಣ ಬಿಚ್ಚುವುದಿಲ್ಲ ಎಂದಿದ್ದ ಸಹೋದ್ಯೋಗಿಯೊಬ್ಬರು ಕಳೆದ ಮೇಯಲ್ಲಿ ಲೆಡ್ಜರ್ ನೋಡಲು ತಮ್ಮ ನರ್ಸನ್ನು ಕಳಿಸಿಕೊಟ್ಟರು.