ನಾಣ್ಯದ ಮೇಲಿನ ರೋಮನ್ ಅಂಕಿ ಓದುವುದು ಹೇಗೆ?

ಮದ್ರಾಸ್ ಪ್ರಾಂತ್ಯಕ್ಕೆಂದು ಈಸ್ಟ್ ಇಂಡಿಯಾ ಕಂಪನಿ ಅಚ್ಚು ಹಾಕಿಸಿದ 1808ರ ತಾಮ್ರದ ಕಾಸು ನೋಡಿದ್ದೀರಾ? ಹಳೇ ನಾಣ್ಯ ಮಾರುವವರ ಹತ್ತಿರ ಕೇಳಿದರೆ ಸಿಗುತ್ತದೆ. ಒಂದು ಬದಿಯಲ್ಲಿ ಕಂಪನಿಯ ಲಾಂಛನ, ಅದರ ಕೆಳಗೆ 1808 ಅಂತ ಮಾಮೂಲಿ ಅಂಕಿಯಲ್ಲಿ ಇಸವಿ. ತಿರುಗಿಸಿದರೆ ಪಾರ್ಸಿ ಬರಹ, ಅದರ ಜೊತೆಗೆ ‘ಎಕ್ಸ್-ಎಕ್ಸ್ ಕ್ಯಾಶ್’. ಗುಣಾಕಾರದ ಗುರುತಿನ ಹಾಗೆ ಕಾಣುವ ಆ ಎರಡು ಅಕ್ಷರಗಳನ್ನು ಎಷ್ಟೋ ಜನ ಟಂಕಸಾಲೆಯ ಗುರುತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಗುರುತಲ್ಲ, ಬೆಲೆ. ಎಕ್ಸ್ ಅಂದರೆ 10, ಎರಡು ಎಕ್ಸ್ ಅಂದರೆ 20 ಕಾಸು. ಪಕ್ಕದ ಪಾರ್ಸಿ ಸಾಲು ಕೂಡ ಅದನ್ನೇ ಹೇಳುತ್ತದೆ: ಇಪ್ಪತ್ತು ಕಾಸಿಗೆ ನಾಲ್ಕು ಫಲೂಸ್ (ಅದೂ ಒಂದು ತಾಮ್ರದ ನಾಣ್ಯ).

ಈ ಕಾಸುಗಳನ್ನು ಅಚ್ಚು ಹಾಕಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಹತ್ತಿರದ ಸೋಹೋ ಟಂಕಸಾಲೆಯಲ್ಲಿ. 10 ಮತ್ತು 20 ಕಾಸಿನ ನಾಣ್ಯಗಳನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಮದ್ರಾಸಿಗೆ ಹೊರಟ ‘ಅಡ್ಮಿರಲ್ ಗಾರ್ಡ್‌ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ, ಗುಡ್ವಿನ್ ಮರಳುದಿಬ್ಬಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಆ ನಾಣ್ಯಗಳು ಮೇಲಕ್ಕೆ ಬಂದವು. ಹಾಗಾಗಿ ಇವತ್ತು ಮಾರಾಟಕ್ಕಿರುವ 1808ರ ಕಾಸುಗಳಲ್ಲಿ ಎಷ್ಟೋ ನಾಣ್ಯಗಳು ಯಾರ ಜೇಬಿಗೂ ಹೋಗದೆ ಸೀದಾ ಸಮುದ್ರದ ತಳದಿಂದ ಬಂದಂಥವು.

ನಮ್ಮ ಮೈಸೂರಲ್ಲೂ ಇದೇ ಪದ್ಧತಿ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಕಾಸುಗಳನ್ನು ತಿರುಗಿಸಿ ನೋಡಿ. ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಇರುತ್ತದೆ, ಇಂಗ್ಲಿಷಿನಲ್ಲಿ ವಿ ಕ್ಯಾಶ್, ಎಕ್ಸ್ ಕ್ಯಾಶ್, ಎಕ್ಸ್-ಎಕ್ಸ್ ಕ್ಯಾಶ್ ಅಂತ ಇರುತ್ತದೆ. ಅಂದರೆ 5, 10, 20. ಕನ್ನಡ ಬರಹದ ಪಕ್ಕದಲ್ಲೇ ರೋಮನ್ ಅಂಕಿ ಕೂತಿರುವ ಇಷ್ಟು ಚೆಂದದ ಪುಟ್ಟ ದಾಖಲೆ ಬೇರೆ ಎಲ್ಲಿ ಸಿಗುತ್ತದೆ ಹೇಳಿ!

ನಾಣ್ಯದ ಮೇಲೆ ರೋಮನ್ ಅಂಕಿ ಕಂಡ ತಕ್ಷಣ ಅದನ್ನು ಇಸವಿ ಅಂದುಕೊಂಡು ಲೆಕ್ಕ ಹಾಕಲು ಕೂರಬೇಡಿ. ಮೊದಲು ಅದು ಏನನ್ನು ಎಣಿಸುತ್ತಿದೆ ಅಂತ ನೋಡಿ. ಬೆಲೆ ಇರಬಹುದು, ಎಷ್ಟನೇ ರಾಜ ಅನ್ನುವುದಿರಬಹುದು, ರಾಜ ಪಟ್ಟಕ್ಕೆ ಬಂದು ಎಷ್ಟು ವರ್ಷವಾಯಿತು ಅನ್ನುವುದಿರಬಹುದು, ಸೈನ್ಯದ ತುಕಡಿಯ ನಂಬರೂ ಇರಬಹುದು. ಇಸವಿಯೇ ಆಗಿರುವುದು ಕಡಿಮೆ.

ಅಕ್ಷರಗಳನ್ನು ಗುರುತಿಸಿ

ಇದು ಶಾಲೆಯಲ್ಲಿ ಕಲಿತದ್ದೇ, ಬೇಗ ಮುಗಿಸೋಣ. ಐ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ದೊಡ್ಡದು ಮೊದಲು ಬಂದು ಚಿಕ್ಕದು ಆಮೇಲೆ ಬಂದರೆ ಕೂಡಿ. ಚಿಕ್ಕದು ದೊಡ್ಡದರ ಹಿಂದೆಯೇ ಎಡಕ್ಕೆ ನಿಂತಿದ್ದರೆ ಕಳೆಯಿರಿ. ವಿ-ಐ ಅಂದರೆ 6, ಐ-ವಿ ಅಂದರೆ 4.

ಆದರೆ ನಾಣ್ಯಗಳು ಈ ಕಳೆಯುವ ನಿಯಮವನ್ನು ಅಷ್ಟಾಗಿ ಪಾಲಿಸುವುದಿಲ್ಲ. 1835ರ ಕಂಪನಿ ರೂಪಾಯಿಯ ಮೇಲೆ ‘ವಿಲಿಯಂ’ ಅಂತ ಬರೆದು ಅದರ ಮುಂದೆ ನಾಲ್ಕು ಐ ಹಾಕಿ, ಆಮೇಲೆ ‘ಕಿಂಗ್’ ಅಂತ ಬರೆದಿದ್ದಾರೆ. ನಾಲ್ಕನೇ ವಿಲಿಯಂ. ಐ-ವಿ ಅಲ್ಲ, ಸಾಲಾಗಿ ನಾಲ್ಕು ಗೆರೆ. ಇದನ್ನು ನೋಡಿ ನಾಣ್ಯ ನಕಲಿ ಅಂತ ಅನುಮಾನ ಪಡುವವರಿದ್ದಾರೆ. ಪಡಬೇಕಾಗಿಲ್ಲ, ಅಸಲಿ ರೂಪಾಯಿ ಇರುವುದೇ ಹಾಗೆ. ಅವನಿಗಿಂತ ಮುಂಚಿನ ನಾಲ್ಕನೇ ಜಾರ್ಜ್‌ನ ಇಂಗ್ಲೆಂಡಿನ ನಾಣ್ಯಗಳಲ್ಲಂತೂ ಎರಡೂ ಸಿಗುತ್ತವೆ: ಮೊದಮೊದಲು ನಾಲ್ಕು ಐ, ಆಮೇಲೆ ಐ-ವಿ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ನಾಣ್ಯಗಳಲ್ಲೂ ಎಕ್ಸ್ ಆದ ಮೇಲೆ ನಾಲ್ಕು ಐ ಬರುತ್ತದೆ. ರೋಮನ್ನರೇ ಹೀಗೆ ಬರೆಯುತ್ತಿದ್ದರು. ರೋಮನ್ ಸೇನಾನಿ ಮಾರ್ಕ್ ಆಂಟನಿ ಕ್ರಿ.ಪೂ. 32-31ರಲ್ಲಿ ತನ್ನ ಸೈನಿಕರ ಸಂಬಳಕ್ಕೆ ಅಚ್ಚು ಹಾಕಿಸಿದ ಬೆಳ್ಳಿ ನಾಣ್ಯಗಳ ಮೇಲೆ ಪ್ರತಿ ದಂಡಿನ ನಂಬರು ಇದೆ. ಒಂಬತ್ತನೇ ದಂಡಿನ ನಾಣ್ಯಗಳಲ್ಲಿ ಐ-ಎಕ್ಸ್ ಕೂಡ ಇದೆ, ವಿ ಮುಂದೆ ನಾಲ್ಕು ಐ ಕೂಡ ಇದೆ. ಆದ್ದರಿಂದ ಕೂಡುವ ಮುಂಚೆ ಗೆರೆಗಳನ್ನು ಒಂದೊಂದಾಗಿ ಎಣಿಸಿ. ಸವೆದ ನಾಣ್ಯದಲ್ಲಿ ಮೂರು ಐಗೂ ನಾಲ್ಕು ಐಗೂ ಗೊಂದಲ ಆಗುವುದು ಜಾಸ್ತಿ. ಬೆಳಕು ನೇರವಾಗಿ ಬೀಳದ ಹಾಗೆ ನಾಣ್ಯವನ್ನು ಓರೆಯಾಗಿ ಹಿಡಿದರೆ ಗೆರೆಗಳ ನೆರಳು ಎದ್ದು ಕಾಣುತ್ತದೆ. ಉಜ್ಜಿ ತೊಳೆಯಲು ಮಾತ್ರ ದಯವಿಟ್ಟು ಹೋಗಬೇಡಿ.

ಅಂಕಿಯ ಹಿಂದಿನ ಪದ ನೋಡಿ

ಇದೇ ಮುಖ್ಯ ಹೆಜ್ಜೆ, ಇಲ್ಲಿ ಅವಸರ ಬೇಡ.

ಹಿಂದೆ ಹೆಸರು ಇದ್ದರೆ ಅದು ಎಷ್ಟನೇ ರಾಜ ಅನ್ನುವ ಲೆಕ್ಕ. ನಮ್ಮ ಮನೆಗಳ ಹಳೇ ಪೆಟ್ಟಿಗೆಯಲ್ಲಿ ಸಿಗುವ ಬೆಳ್ಳಿ ರೂಪಾಯಿಗಳು ಹೆಚ್ಚಾಗಿ ಈ ಬಗೆಯವು. ಎಡ್ವರ್ಡ್ ಹೆಸರಿನ ಮುಂದೆ ವಿ-ಐ-ಐ ಇದ್ದರೆ ಏಳನೇ ಎಡ್ವರ್ಡ್, 1903ರಿಂದ 1910ರವರೆಗಿನ ರೂಪಾಯಿ. ಜಾರ್ಜ್ ಮುಂದೆ ಬರೀ ವಿ ಇದ್ದರೆ ಐದನೇ ಜಾರ್ಜ್, 1911ರಿಂದ ಶುರು. ವಿ-ಐ ಇದ್ದರೆ ಆರನೇ ಜಾರ್ಜ್. ‘ಜಾರ್ಜ್ ವಿ’ ಅಂತ ಓದುವವರು ಈಗಲೂ ಇದ್ದಾರೆ. ಅದು ಇನಿಷಿಯಲ್ ಅಲ್ಲ, ಐದು. ವಿಕ್ಟೋರಿಯಾ ರೂಪಾಯಿಯಲ್ಲಿ ಮಾತ್ರ ಅಂಕಿ ಇರುವುದಿಲ್ಲ, ಯಾಕಂದರೆ ಆ ಹೆಸರಿನ ರಾಣಿ ಅವಳೊಬ್ಬಳೇ. ಇಸವಿ ಬೇಕಾದರೆ ಹಿಂಬದಿ ತಿರುಗಿಸಿ, ಅಲ್ಲಿ ಮಾಮೂಲಿ ಅಂಕಿಯಲ್ಲೇ ಇದೆ.

ಹಿಂದೆ ಮುಂದೆ ಏನೂ ಇಲ್ಲದೆ ಅಂಕಿ ಒಂದೇ ನಿಂತಿದ್ದರೆ ಬೆಲೆ ಇರಬಹುದು. ಕ್ರಿ.ಪೂ. 211ರ ಸುಮಾರಿಗೆ ರೋಮ್‌ನಲ್ಲಿ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ಬಂತು. ಅದರ ಮೇಲೆ, ರೋಮಾ ದೇವಿಯ ತಲೆಯ ಹಿಂದೆ, ಒಂದು ಎಕ್ಸ್ ಇದೆ. ಆಸ್ ಎಂಬ ಹತ್ತು ಕಂಚಿನ ನಾಣ್ಯಕ್ಕೆ ಇದು ಸಮ ಅಂತ ಅರ್ಥ. ಅದರ ಅರ್ಧ ಬೆಲೆಯದರ ಮೇಲೆ ವಿ. ಕಾಲು ಬೆಲೆಯದು ಸೆಸ್ಟರ್ಷಿಯಸ್, ಎರಡೂವರೆ ಆಸ್. ಅದಕ್ಕೆ ಎರಡು ಐ ಹಾಕಿ ಪಕ್ಕದಲ್ಲಿ ಎಸ್ ಬರೆಯುತ್ತಿದ್ದರು, ಎಸ್ ಅಂದರೆ ಅರ್ಧ. ಕ್ರಿ.ಪೂ. 141ರ ಸುಮಾರಿಗೆ ಡಿನೇರಿಯಸ್ ಬೆಲೆ 16 ಆಸ್‌ಗೆ ಏರಿತು, ಆಗ ಕೆಲವು ನಾಣ್ಯಗಳ ಮೇಲೆ ಎಕ್ಸ್-ವಿ-ಐ ಅಂತಲೇ ಬಂತು. ಬೆಲೆ ಬದಲಾದದ್ದು ನಾಣ್ಯದ ಮೇಲೇ ಬರೆದಿದೆ, ನೋಡಿ. ಸಾವಿರಾರು ವರ್ಷ ಕಳೆದು ಮೈಸೂರಿನ ಎಕ್ಸ್ ಕಾಸು ಮಾಡಿದ್ದೂ ಇದೇ ಕೆಲಸ.

ಇನ್ನು ರೋಮನ್ ಚಕ್ರವರ್ತಿಗಳ ನಾಣ್ಯ. ಇವು ಓದಲು ಕಷ್ಟ, ಆದರೆ ಓದಿದರೆ ಸಿಗುವ ಖುಷಿಯೂ ಜಾಸ್ತಿ. ಅಂಚಿನ ಸುತ್ತ ಅಕ್ಷರಗಳ ಸಾಲು, ನಡುವೆ ಜಾಗ ಬಿಟ್ಟಿರುವುದು ಕಡಿಮೆ. ಅಲ್ಲಿ ಮೂರು ಗುಂಪುಗಳನ್ನು ಹುಡುಕಿ. ಸಿ-ಓ-ಎಸ್ ಅಂದರೆ ಕಾನ್ಸಲ್ ಎಂಬ ರೋಮ್‌ನ ದೊಡ್ಡ ಪದವಿ, ಅದರ ಮುಂದಿನ ಅಂಕಿ ಎಷ್ಟನೇ ಸಲ ಕಾನ್ಸಲ್ ಆದ ಅನ್ನುವುದು. ಐ-ಎಂ-ಪಿ ಮುಂದೆ ಅಂಕಿ ಇದ್ದರೆ ಗೆಲುವಿಗಾಗಿ ಸೈನ್ಯ ಎಷ್ಟು ಸಲ ಜಯಘೋಷ ಮಾಡಿತು ಅನ್ನುವುದು. ಟಿ-ಆರ್-ಪಿ ಅಂದರೆ ಟ್ರಿಬ್ಯೂನ್ ಅಧಿಕಾರ, ಜನಸಾಮಾನ್ಯರ ಪ್ರತಿನಿಧಿಗಿದ್ದ ಅಧಿಕಾರವನ್ನು ಚಕ್ರವರ್ತಿಗೆ ಕೊಡುತ್ತಿದ್ದದ್ದು. ಇದು ಪ್ರತಿ ವರ್ಷ ನವೀಕರಣ ಆಗುತ್ತಿತ್ತು, ಹಾಗಾಗಿ ಕಾಲ ಹಿಡಿಯಲು ಇದರಷ್ಟು ಒಳ್ಳೆಯ ಸುಳಿವು ಇನ್ನೊಂದಿಲ್ಲ.

ಒಂದು ನಾಣ್ಯವನ್ನೇ ತೆಗೆದುಕೊಳ್ಳೋಣ. ಮಾರ್ಕಸ್ ಆರೀಲಿಯಸ್‌ನ ಬೆಳ್ಳಿ ಡಿನೇರಿಯಸ್. ಹಿಂಬದಿಯಲ್ಲಿ ಕೂತಿರುವ ಕಾಂಕಾರ್ಡಿಯಾ ದೇವಿ, ಸುತ್ತ ಟಿ-ಆರ್-ಪಿ ಎಕ್ಸ್-ವಿ-ಐ, ಆಮೇಲೆ ಸಿ-ಓ-ಎಸ್ ಮೂರು ಐ. ಟ್ರಿಬ್ಯೂನ್ ಅಧಿಕಾರದ 16ನೇ ವರ್ಷ, ಮೂರನೇ ಸಲದ ಕಾನ್ಸಲ್. ಅವನು ಚಕ್ರವರ್ತಿಯಾದದ್ದು 161ರ ಮಾರ್ಚ್‌ನಲ್ಲಿ. ಹಾಗಾದರೆ ಆಗಲೇ 16ನೇ ವರ್ಷ ಹೇಗೆ? ಈ ಅಧಿಕಾರ ಅವನಿಗೆ ಯುವರಾಜನಾಗಿದ್ದಾಗಲೇ ಸಿಕ್ಕಿತ್ತು, ಎಣಿಕೆ ಅಲ್ಲಿಂದ ಶುರು. 16ನೇ ವರ್ಷ ಅಂದರೆ 161ರ ಡಿಸೆಂಬರ್ 10ರಿಂದ 162ರ ಡಿಸೆಂಬರ್ 9ರವರೆಗೆ. ಅಂಗೈ ಮೇಲಿನ ಒಂದು ಚೂರು ಬೆಳ್ಳಿಯ ವಯಸ್ಸನ್ನು ಹನ್ನೆರಡು ತಿಂಗಳೊಳಗೆ ಹಿಡಿಯಬಹುದು!

ಸಿ-ಓ-ಎಸ್ ಒಂದೇ ಇದ್ದರೆ ಇಷ್ಟು ಸುಲಭ ಅಲ್ಲ. ಟ್ರಾಜನ್ ನಾಣ್ಯದಲ್ಲಿ ಸಿ-ಓ-ಎಸ್ ವಿ ಇದ್ದರೆ 103ರಿಂದ 111ರ ನಡುವೆ ಅಂತ ಹೇಳಬಹುದು, ಯಾಕಂದರೆ 112ರಲ್ಲಿ ಅವನು ಆರನೇ ಸಲ ಕಾನ್ಸಲ್ ಆದ. ಹೇಡ್ರಿಯನ್ ವಿಷಯದಲ್ಲಿ ಅದೂ ಕೈಗೆ ಸಿಗುವುದಿಲ್ಲ. ಅವನು 119ರಲ್ಲಿ ಮೂರನೇ ಸಲ ಕಾನ್ಸಲ್ ಆದವನು ಮತ್ತೆ ಆಗಲೇ ಇಲ್ಲ, 138ರಲ್ಲಿ ಸಾಯುವವರೆಗೂ ನಾಣ್ಯದ ಮೇಲೆ ಮೂರೇ ಐ. ಅಂಕಿ ಅಂದರೆ ‘ಇಷ್ಟರವರೆಗೆ ಆಗಿದೆ’ ಅಂತ ಮಾತ್ರ, ‘ಈ ವರ್ಷ’ ಅಂತಲ್ಲ.

ನಾಲ್ಕನೇ ಶತಮಾನದ ಚಿಕ್ಕ ಕಂಚಿನ ನಾಣ್ಯಗಳಲ್ಲಿ ಹೂಮಾಲೆಯ ನಡುವೆ ವಿ-ಓ-ಟಿ ಅಂತ ಬರೆದು ಎಕ್ಸ್-ಎಕ್ಸ್ ಹಾಕಿರುತ್ತಾರೆ. ಇದು ಹರಕೆ. ಇಪ್ಪತ್ತು ವರ್ಷದ ಆಳ್ವಿಕೆಗಾಗಿ ದೇವರಿಗೆ ಹೊತ್ತ ಹರಕೆ. ಇದನ್ನು ಬೆಲೆ ಅಂತ ಓದಿಬಿಡಬೇಡಿ.

ಆಳ್ವಿಕೆಯ ವರ್ಷವಾದರೆ

ಹೊಸ ಕಾಲದಲ್ಲೂ ಈ ರೂಢಿ ಬಿಟ್ಟುಹೋಗಲಿಲ್ಲ. ಪೋಪ್ ಒಂಬತ್ತನೇ ಪಯಸ್‌ನ 1866ರ ನಾಣ್ಯಗಳನ್ನೇ ನೋಡಿ. ಇಸವಿ ಮಾಮೂಲಿ ಅಂಕಿಯಲ್ಲಿ, ಪೋಪ್ ಆಗಿ ಎಷ್ಟನೇ ವರ್ಷ ಅನ್ನುವುದು ರೋಮನ್ ಅಂಕಿಯಲ್ಲಿ. ಒಂದೇ 1866ರಲ್ಲಿ ಎಕ್ಸ್-ಎಕ್ಸ್ ಇರುವುದೂ ಇದೆ, ಎಕ್ಸ್-ಎಕ್ಸ್-ಐ ಇರುವುದೂ ಇದೆ. ತಪ್ಪಲ್ಲ. ಅವರು ಪೋಪ್ ಆದದ್ದು 1846ರ ಜೂನ್‌ನಲ್ಲಿ, ಆದ್ದರಿಂದ 1866ರ ಜೂನ್‌ವರೆಗೆ 20ನೇ ವರ್ಷ, ಅಲ್ಲಿಂದಾಚೆ 21ನೇ ವರ್ಷ. ನಾಣ್ಯ ಯಾವ ಅರ್ಧವರ್ಷದ್ದು ಅಂತ ಗೊತ್ತಾಗುವುದು ಈ ಒಂದು ಐ ಗೆರೆಯಿಂದ.

ಮುಸೊಲಿನಿ ಕಾಲದ ಇಟಲಿ ನಾಣ್ಯಗಳಲ್ಲೂ ಹೀಗೆಯೇ ಎರಡೆರಡು ವರ್ಷ ಇರುತ್ತವೆ. ಫ್ಯಾಸಿಸ್ಟರು 1922ರ ಅಕ್ಟೋಬರ್ ಕೊನೆಯಿಂದ ತಮ್ಮದೇ ಶಕೆ ಶುರು ಮಾಡಿದ್ದರು. 1936ರ ನಾಣ್ಯದ ಮೇಲೆ ಎಕ್ಸ್-ಐ-ವಿ ಇರುತ್ತದೆ. 1939ರಲ್ಲಿ ಎಕ್ಸ್-ವಿ-ಐ-ಐ, ಎಕ್ಸ್-ವಿ-ಐ-ಐ-ಐ ಎರಡೂ ಇವೆ, ಅಕ್ಟೋಬರ್ ಕೊನೆಗೆ ವರ್ಷ ಬದಲಾಗುತ್ತಿತ್ತಲ್ಲ, ಅದಕ್ಕೆ. ಸಂಗ್ರಾಹಕರು ಇವೆರಡನ್ನು ಬೇರೆ ಬೇರೆ ನಾಣ್ಯ ಅಂತಲೇ ಲೆಕ್ಕ ಇಡುತ್ತಾರೆ.

ನಿಜವಾಗಿ ಇಸವಿಯೇ ಆಗಿದ್ದರೆ

ಉದ್ದನೆಯ ಅಂಕಿ, ಎಂ ಇಂದ ಶುರು ಆಗಿದೆ, ಆಗ ಇಸವಿ ಅನ್ನಲು ಅಡ್ಡಿಯಿಲ್ಲ. ಡೆನ್ಮಾರ್ಕಿನ ರೋಸ್ಕಿಲ್ಡೆಯ ಬಿಷಪ್ ಒಬ್ಬರ 1234ರ ನಾಣ್ಯದಲ್ಲಿ ಕ್ರಿಸ್ತಶಕದ ವರ್ಷ ರೋಮನ್ ಅಂಕಿಯಲ್ಲಿದೆ. ಯುರೋಪಿನಲ್ಲಿ ಹೀಗೆ ಇಸವಿ ಹಾಕಿದ ತೀರಾ ಹಳೆಯ ನಾಣ್ಯಗಳಲ್ಲಿ ಅದೂ ಒಂದು. ನಮ್ಮ ಕಡೆಯಿಂದ ಅರಬರ ಮೂಲಕ ಹೋದ ಅಂಕಿಗಳಲ್ಲಿ ಇಸವಿ ಬಂದದ್ದು ಆಮೇಲೆ, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನ 1424ರ ನಾಣ್ಯದಲ್ಲಿ.

ಓದುವಾಗ ಸಾವಿರ, ನೂರು, ಹತ್ತು, ಒಂದು ಅಂತ ತುಂಡು ಮಾಡಿ. ಇಂಗ್ಲೆಂಡಿನ 1847ರ ಗಾಥಿಕ್ ಕ್ರೌನ್ ಎಂಬ ಬೆಳ್ಳಿ ನಾಣ್ಯದಲ್ಲಿ ಇಸವಿ ಹೀಗಿದೆ: ಎಂ, ಡಿ-ಸಿ-ಸಿ-ಸಿ, ಎಕ್ಸ್-ಎಲ್, ವಿ-ಐ-ಐ. 1000, 800, 40, 7. ಅದರಲ್ಲಿ ಇನ್ನೊಂದು ತೊಡಕು ಇದೆ. ಅಕ್ಷರಗಳು ದೊಡ್ಡವಲ್ಲ, ಹಳೇ ಬೈಬಲ್ ಕೈಬರಹದ ಶೈಲಿಯ ಚಿಕ್ಕ ಅಕ್ಷರಗಳು, ಮೊದಲ ನೋಟಕ್ಕೆ ಅಂಕಿ ಅಂತಲೇ ಅನ್ನಿಸುವುದಿಲ್ಲ. ಹಿಂಬದಿಯ ಬರಹದ ಕೊನೆಯಲ್ಲಿ ಹುಡುಕಿ. 1851ರಿಂದ ಬಂದ ಗಾಥಿಕ್ ಫ್ಲೋರಿನ್ ಎಂಬ ಬೆಳ್ಳಿ ನಾಣ್ಯಗಳಲ್ಲೂ ಅಕ್ಷರ ಇದೇ ರೀತಿ, ಆದರೆ ಇಸವಿ ಇರುವುದು ರಾಣಿಯ ಬಿರುದುಗಳ ಸಾಲಿನ ಕೊನೆಯಲ್ಲಿ.

ಅಮೆರಿಕದ 1907ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ, ಶಿಲ್ಪಿ ಸೇಂಟ್ ಗಾಡೆನ್ಸ್ ರೂಪಿಸಿದ್ದು, ಇಲ್ಲಿ ಒಳ್ಳೆಯ ಉದಾಹರಣೆ. ಮೊದಲು ಬಂದವುಗಳ ಮೇಲೆ ಎಂ-ಸಿ-ಎಂ-ವಿ-ಐ-ಐ ಇದೆ. ಆ ಉಬ್ಬು ಕೆತ್ತನೆಯನ್ನು ಅಚ್ಚು ಹಾಕುವುದು ಕಷ್ಟ ಅಂತ ಅದೇ ವರ್ಷ ಕೆತ್ತನೆ ತಗ್ಗಿಸಿದರು, ಜೊತೆಗೆ ಇಸವಿಯನ್ನೂ 1907 ಅಂತ ಮಾಮೂಲಿ ಅಂಕಿಗೆ ಬದಲಿಸಿದರು. ಇವತ್ತು ಆ ಎರಡರ ಬೆಲೆಯಲ್ಲಿ ಭಾರೀ ವ್ಯತ್ಯಾಸ.

ಅಂಕಿಯಂತೆ ಕಂಡರೂ ಅಂಕಿ ಅಲ್ಲದ್ದು

ಹಳೇ ಲ್ಯಾಟಿನ್ ಬರಹದಲ್ಲಿ ಯು ಅಕ್ಷರ ಇಲ್ಲ, ಅದರ ಜಾಗದಲ್ಲೂ ವಿ. ಹಾಗಾಗಿ ‘ಆಗಸ್ಟಸ್’ ಹೆಸರಿನ ನಡುವಿನ ವಿಗಳನ್ನು ಐದು ಅಂತ ಎಣಿಸಬೇಡಿ.

ಚಂದ್ರವಳ್ಳಿಯಲ್ಲಿ, 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಅಂತ ಓದಿರುತ್ತೀರಿ. ಭಾರತದಲ್ಲಿ ಅತಿ ಹೆಚ್ಚು ಸಿಗುವ ಎರಡು ಬಗೆ ಅಂದರೆ ಆಗಸ್ಟಸ್‌ನ ಇಬ್ಬರು ದತ್ತುಮಕ್ಕಳು ನಿಂತಿರುವ ನಾಣ್ಯ, ಮತ್ತೆ ಟೈಬೀರಿಯಸ್‌ನ ಮಹಾಪುರೋಹಿತ ಬಿರುದಿನ ನಾಣ್ಯ. ಸಾಮಾನ್ಯವಾಗಿ ಇವೆರಡರ ಮೇಲೂ ಅಂಕಿಯೇ ಇರುವುದಿಲ್ಲ. ಅಲ್ಲಿ ಕಾಲ ಹಿಡಿಯಬೇಕಾದದ್ದು ಬಿರುದುಗಳಿಂದ.

ಪೂರ್ವ ರೋಮನ್ ಸಾಮ್ರಾಜ್ಯದ ದೊಡ್ಡ ತಾಮ್ರದ ನಾಣ್ಯಗಳ ನಡುವೆ ದೊಡ್ಡದಾಗಿ ಎಂ ಇರುತ್ತದೆ. ಅದು 1000 ಅಲ್ಲ. ಗ್ರೀಕ್ ಲೆಕ್ಕದಲ್ಲಿ ಎಂ ಅಂದರೆ 40, ಅಂದರೆ 40 ನುಮ್ಮಿ (ಆಗಿನ ಚಿಲ್ಲರೆ ನಾಣ್ಯ) ಬೆಲೆ. ಅದೇ ನಾಣ್ಯದ ಎಡಕ್ಕೆ ‘ಆನ್ನೋ’ (ಲ್ಯಾಟಿನ್‌ನಲ್ಲಿ ‘ವರ್ಷದಲ್ಲಿ’), ಬಲಕ್ಕೆ ಒಂದರ ಕೆಳಗೊಂದು ಎಕ್ಸ್, ಐ, ಐ ಇದ್ದರೆ ಅದು ರೋಮನ್ ಅಂಕಿ: ಚಕ್ರವರ್ತಿ ಜಸ್ಟಿನಿಯನ್‌ನ ಆಳ್ವಿಕೆಯ 12ನೇ ವರ್ಷ, 538-39. ಒಂದೇ ಮುಖದಲ್ಲಿ ಗ್ರೀಕ್ ಲೆಕ್ಕವೂ ಇದೆ, ರೋಮನ್ ಲೆಕ್ಕವೂ ಇದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಆ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ಸಿಕ್ಕಿವೆ. ಅಂಥ ಚಿನ್ನದ ನಾಣ್ಯಗಳ ಹಿಂಬದಿಯ ಬರಹದ ಕೊನೆಯಲ್ಲಿ ಒಂಟಿಯಾಗಿ ಒಂದು ಐ ಕಂಡರೆ, ಅದನ್ನೂ ಗ್ರೀಕ್ ಲೆಕ್ಕದಲ್ಲೇ ಓದಬೇಕು: ಟಂಕಸಾಲೆಯ ಹತ್ತನೇ ವಿಭಾಗ.