ಪಾರ್ಕಿನ್ಸನ್ ಕಾಯಿಲೆಯಲ್ಲಿ ಕುಗ್ಗುವ ದನಿ: ಮನೆಯಲ್ಲಿ ಅಭ್ಯಾಸ ಮಾಡುವ ಬಗೆ

ಪಾರ್ಕಿನ್ಸನ್ ಕಾಯಿಲೆ ಇರುವ ಹೆಚ್ಚಿನವರ ದನಿ ಒಂದಲ್ಲ ಒಂದು ಹಂತದಲ್ಲಿ ಕುಗ್ಗುತ್ತದೆ. ಮೆದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ಕೈಬರಹ ಚಿಕ್ಕದಾಗುತ್ತದೆ, ಮಾತಿನ ಚಲನೆಗಳೂ ಕಿರಿದಾಗುತ್ತವೆ. ಜೊತೆಗೆ ತಮ್ಮ ದನಿಯ ಬಗ್ಗೆ ತಮಗಿರುವ ಅಂದಾಜೂ ತಪ್ಪುವುದರಿಂದ, ಪಿಸುಮಾತಿನಂತೆ ಆಡುತ್ತಿದ್ದರೂ ಸರಿಯಾಗಿಯೇ ಮಾತನಾಡುತ್ತಿದ್ದೇವೆ ಎಂದು ಅವರು ನಂಬಿರುತ್ತಾರೆ. ಮನೆಯವರಿಗೇ ಕಿವಿ ಮಂದವಾಗಿದೆ ಎಂದು ದೂರುವವರೂ ಉಂಟು. ಈ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆ ಮೈಯ ಬಿಗಿತಕ್ಕೆ ಒದಗುವಷ್ಟು ಮಾತಿಗೆ ಒದಗುವುದಿಲ್ಲವಾದ್ದರಿಂದ ಅಭ್ಯಾಸ ಅಗತ್ಯ.

ಮೊದಲು ನರರೋಗ ತಜ್ಞರ ಸಲಹೆ ಪಡೆದು ಸ್ಪೀಚ್ ಥೆರಪಿಸ್ಟ್ ಅವರನ್ನು ಕಾಣಬೇಕು. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಖಾಸಗಿಯಾಗಿ ತೋರಿಸುವವರು ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಬೇಕು. ದನಿ ಜೋರು ಮಾಡಲು ಕಲಿಸುವ ಎಲ್‌ಎಸ್‌ವಿಟಿ ಲೌಡ್ ಎಂಬ ಹೆಸರಾಂತ ಕ್ರಮದಲ್ಲಿ ವಾರಕ್ಕೆ 4 ದಿನದಂತೆ 4 ವಾರ, ಒಂದೊಂದು ಗಂಟೆಯ 16 ತರಗತಿಗಳಿರುತ್ತವೆ.

ಮನೆಯ ಅಭ್ಯಾಸವನ್ನು ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿನಲ್ಲಿ, ಬೆನ್ನು ನೇರ ಮಾಡಿ ಕುಳಿತು ಮಾಡಬೇಕು. ತುಂಬು ಉಸಿರು ಎಳೆದುಕೊಂಡು, ಗಂಟಲು ಬಿಗಿಯದೆ, "ಆ" ಎಂದು ಗಟ್ಟಿಯಾಗಿ ಆದಷ್ಟು ಹೊತ್ತು ಹಿಡಿಯಬೇಕು. ಬಳಿಕ ಅದೇ ಸ್ವರವನ್ನು ತಗ್ಗಿನಿಂದ ಏರಿಸಿ, ಮತ್ತೆ ಇಳಿಸಬೇಕು. ನಂತರ ದಿನವೂ ಬೇಕಾಗುವ ಹತ್ತು ವಾಕ್ಯಗಳನ್ನು ಅದೇ ಬಲದಲ್ಲಿ ಹೇಳಬೇಕು. ಈ ವಾಕ್ಯಗಳ ಆಯ್ಕೆಗೆ ಸಮಯ ಕೊಡುವುದು ಸಾರ್ಥಕ: ಪಠ್ಯಪುಸ್ತಕದ ಸಾಲುಗಳಿಗಿಂತ "ಜಯನಗರಕ್ಕೆ ಒಂದು ಟಿಕೆಟ್ ಕೊಡಿ", "ಇಲ್ಲೇ ಎಡಕ್ಕೆ ನಿಲ್ಲಿಸಿ", "ಅರ್ಧ ಲೀಟರ್ ಹಾಲು ಕೊಡಿ" ಎಂಬಂಥವೇ ಮೇಲು, ಏಕೆಂದರೆ ಕಂಡಕ್ಟರ್, ಆಟೋ ಚಾಲಕ, ಅಂಗಡಿಯವರು ಎರಡನೆಯ ಸಲ ಕೇಳಿಸಿಕೊಳ್ಳುವ ತಾಳ್ಮೆ ತೋರುವುದು ಅಪರೂಪ. ಫೋನಿನಲ್ಲಿ ಧ್ವನಿ ಮುದ್ರಿಸಿ ಕೇಳಿಸಿದರೆ, ತಮಗೆ ಕಿರುಚಾಟವೆನಿಸಿದ್ದು ಇತರರಿಗೆ ಸಹಜ ಮಾತೇ ಎಂಬುದು ಅವರಿಗೆ ಮನದಟ್ಟಾಗುತ್ತದೆ.

ಮನೆಯವರು "ಏನು?" ಎಂದು ಮತ್ತೆ ಮತ್ತೆ ಕೇಳುವುದರಿಂದ ಪ್ರಯೋಜನವಿಲ್ಲ. ನಿಧಾನವಾಗಿ, ಬಿಡಿಸಿ, ಬಾಯಿ ತೆರೆದು ಎಂದು ನಾಲ್ಕಾರು ಸೂಚನೆಗಳನ್ನು ಒಟ್ಟಿಗೆ ಕೊಡುವುದು ಇನ್ನೂ ಕೆಟ್ಟದ್ದು; "ಜೋರಾಗಿ ಹೇಳಿ" ಎಂಬ ಒಂದೇ ಸೂಚನೆ ಸಾಕು. ಮಿಕ್ಸಿ, ಟಿವಿ ನಿಲ್ಲಿಸಿ, ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಎದುರು ಕುಳಿತು ಮಾತನಾಡಬೇಕು. ಅವರ ವಾಕ್ಯವನ್ನು ತಾವೇ ಮುಗಿಸಬಾರದು.

ಗಂಟಲು ನೋವು ಬಂದರೆ ಅಭ್ಯಾಸ ನಿಲ್ಲಿಸಿ ಥೆರಪಿಸ್ಟ್‌ಗೆ ತಿಳಿಸಬೇಕು. ನೀರು ಕುಡಿಯುವಾಗ ಕೆಮ್ಮು ಬಂದರೆ, ಊಟದ ನಂತರ ದನಿ ಗೊರಗೊರ ಎಂದರೆ, ತಡಮಾಡದೆ ನುಂಗುವಿಕೆಯ ಪರೀಕ್ಷೆ ಮಾಡಿಸಬೇಕು. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.