ನಾಳೆಯ ಮಾತಿಗೆ ‘ವಿಲ್’ ಒಂದೇ ಸಾಲದು

ಫೋನ್ ಹೊಡೆದುಕೊಳ್ಳುತ್ತಿದೆ. ಎದ್ದು ಹೋಗುವವರು ‘ಐ ಆಮ್ ಗೋಯಿಂಗ್ ಟು ಗೆಟ್ ಇಟ್’ ಎಂದರೆ ವ್ಯಾಕರಣ ತಪ್ಪಿಲ್ಲ. ಆದರೂ ಫೋನ್ ಬರುವುದು ಇವರಿಗೆ ಮೊದಲೇ ಗೊತ್ತಿತ್ತೇನೋ ಎಂದು ಕೇಳಿದವರಿಗೆ ಅನಿಸುತ್ತದೆ. ಅಲ್ಲಿ ಸಲ್ಲುವುದು ‘ಐ ವಿಲ್ ಗೆಟ್ ಇಟ್’, ಅದೂ ‘ಐಲ್’ ಎಂದು ಮೊಟಕಾಗಿ.

ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ‘ವಾಕ್ಡ್’ ಎಂದು ಕ್ರಿಯಾಪದವೇ ರೂಪ ಬದಲಿಸುತ್ತದೆ. ಭವಿಷ್ಯಕ್ಕೆ ಅಂಥ ಪ್ರತ್ಯಯವಿಲ್ಲ, ಬೇರೆ ಕೆಲಸಕ್ಕಿದ್ದ ಪದಗಳಿಂದಲೇ ಕಾಲ ಹಾಕುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ವಿಲ್’ನ ಮೂಲಕ್ಕೆ ‘ಬಯಸು’ ಎಂಬ ಅರ್ಥ, ‘ಶಲ್’ನ ಮೂಲಕ್ಕೆ ‘ಋಣಿಯಾಗಿರು’ ಎಂಬ ಅರ್ಥ. ಆದ್ದರಿಂದ ಕೆಲಸ ಯಾವಾಗ ನಡೆಯುತ್ತದೆ ಎಂದಷ್ಟೇ ನೋಡಿದರೆ ಸಾಲದು. ತೀರ್ಮಾನ ಯಾವಾಗ ಆಯಿತು ಎಂದೂ ಕೇಳಿಕೊಳ್ಳಬೇಕು.

ಮೊದಲು ವಾಕ್ಯವನ್ನು ಆಡುಗನ್ನಡದಲ್ಲಿ ಹೇಳಿನೋಡಿ. ‘ಬಿಡಿ, ನಾನೇ ತರ್ತೀನಿ’ ಎಂದು ಆ ಕ್ಷಣಕ್ಕೆ ಹೊಳೆದದ್ದಾದರೆ ‘ವಿಲ್’. ‘ಹೊಸ ಫೋನ್ ತಗೋಬೇಕು ಅಂತಿದ್ದೀನಿ’ ಎಂದು ಮನಸ್ಸಿನಲ್ಲಿ ಮೊದಲೇ ಇದ್ದದ್ದಾದರೆ ‘ಗೋಯಿಂಗ್ ಟು’. ‘ಮಳೆ ಬರೋ ಹಾಗಿದೆ’ ಎಂದು ಕಣ್ಣೆದುರಿನ ಮೋಡ ನೋಡಿ ಹೇಳುವಾಗಲೂ ಅದೇ: ‘ಇಟ್ ಈಸ್ ಗೋಯಿಂಗ್ ಟು ರೈನ್’.

ಮುಂದೆ, ಇನ್ನೊಬ್ಬರೊಂದಿಗೆ ಸಮಯ ಗೊತ್ತುಮಾಡಿಕೊಂಡಾಗಿದೆಯೇ ನೋಡಿ. ಆಗಿದ್ದರೆ ‘ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ’ ಎಂಬ ವರ್ತಮಾನದ ರೂಪವೇ ಸಾಕು. ‘ಇಟ್ ಈಸ್ ರೈನಿಂಗ್ ಟುಮಾರೊ’ ಮಾತ್ರ ಆಗದು, ಮಳೆ ಯಾರಿಗೂ ಸಮಯ ಕೊಟ್ಟಿರುವುದಿಲ್ಲ. ವೇಳಾಪಟ್ಟಿಯ ಮಾತಿಗೆ ಇನ್ನೂ ಸರಳ: ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್’.

ನಮ್ಮವರು ಹೆಚ್ಚು ಎಡವುವುದು ಮುಂದಿನ ಹೆಜ್ಜೆಯಲ್ಲಿ. ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎಂದು ಎರಡೂ ಕಡೆ ‘ವಿಲ್’ ತುರುಕುತ್ತೇವೆ. ಕೆಲಸ ನಾಳೆಯದಲ್ಲವೇ ಎಂಬುದು ತರ್ಕ. ಆದರೆ ಕನ್ನಡದಲ್ಲಿ ಏನು ಹೇಳುತ್ತೇವೆ? ‘ಅವನು ಬಂದಾಗ ಹೇಳ್ತೀನಿ’, ‘ಮಳೆ ಬಂದರೆ ಹೋಗಲ್ಲ’. ಬರುವುದು ಇನ್ನೂ ಮುಂದಿದ್ದರೂ ನಮ್ಮ ಬಾಯಲ್ಲಿ ಬರುವುದು ‘ಬಂದ’ ಎಂಬ ಭೂತದ ರೂಪ! ಇಂಗ್ಲಿಷಿನವರು ಅಷ್ಟು ಹಿಂದಕ್ಕೆ ಹೋಗದೆ ವರ್ತಮಾನದಲ್ಲಿ ನಿಲ್ಲುತ್ತಾರೆ: ‘ವೆನ್ ಹಿ ಕಮ್ಸ್’, ‘ಇಫ್ ಇಟ್ ರೈನ್ಸ್’.

ಹಾಗೆಂದು ‘ವೆನ್’ ಕಂಡಲ್ಲೆಲ್ಲ ‘ವಿಲ್’ ಅಳಿಸಬೇಡಿ. ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಸರಿಯಾದ ವಾಕ್ಯ. ಒರೆಗಲ್ಲು ಮತ್ತೆ ಕನ್ನಡವೇ. ಆ ‘ವೆನ್’ ಕನ್ನಡದಲ್ಲಿ ‘ಬಂದಾಗ’ ಎಂದಾದರೆ ‘ವಿಲ್’ ಬೇಡ. ‘ಯಾವಾಗ ಬರ್ತಾನೋ’ ಎಂದಾದರೆ ಇರಲಿ. ‘ಇಫ್’ ಜೊತೆಗೂ ಅಪರೂಪಕ್ಕೆ ‘ವಿಲ್’ ಬರುವುದುಂಟು. ‘ಇಫ್ ಯೂ ವಿಲ್ ವೇಟ್ ಎ ಮಿನಿಟ್’ ಎಂದರೆ ಕಾಯುವ ಮನಸ್ಸು ಮಾಡಿದರೆ ಎಂದು. ಹಳೆಯ ‘ಬಯಸು’ ಇಲ್ಲಿ ಇಣುಕುತ್ತದೆ.

‘ವಿಲ್ ಬಿ ರೀಡಿಂಗ್’, ‘ವಿಲ್ ಹ್ಯಾವ್ ಫಿನಿಷ್ಡ್’ ಎಂಬ ಉದ್ದನೆಯ ರೂಪಗಳಿಗೆ ಹೆದರಬೇಕಿಲ್ಲ. ‘ಹತ್ತು ಗಂಟೆಗೆ ಓದ್ತಾ ಇರ್ತೀನಿ’ ಎಂದರೆ ಮೊದಲನೆಯದು, ‘ಹತ್ತರೊಳಗೆ ಮುಗಿಸಿರ್ತೀನಿ’ ಎಂದರೆ ಎರಡನೆಯದು. ನಮ್ಮ ‘ಇರ್ತೀನಿ’ ಅವನ್ನು ದಿನವೂ ಹೇಳುತ್ತಿದೆ.

ಉಳಿದದ್ದು ‘ಶಲ್’. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್‌ನಲ್ಲಿ ಇಂಗ್ಲಿಷ್ ವ್ಯಾಕರಣವೊಂದನ್ನು ಬರೆದ. ಸುಮ್ಮನೆ ಮುಂದಿನದನ್ನು ಹೇಳುವಾಗ ‘ಐ’, ‘ವಿ’ಗಳಿಗೆ ‘ಶಲ್’, ಉಳಿದವಕ್ಕೆ ‘ವಿಲ್’ ಎಂಬ ನಿಯಮ ಅದರಲ್ಲಿತ್ತು. ಶಾಲಾ ಪುಸ್ತಕಗಳು ಅದನ್ನು ಬಹುಕಾಲ ಉರು ಹೊಡೆಸಿದವು. ಇಂದಿನ ಮಾತಿನಲ್ಲಿ ಅದನ್ನು ಪಾಲಿಸುವವರು ಕಡಿಮೆ, ನೀವೂ ಬಿಟ್ಟುಬಿಡಬಹುದು. ಪ್ರಶ್ನೆಯಲ್ಲಿ ಮಾತ್ರ ‘ಶಲ್’ ಇನ್ನೂ ಗಟ್ಟಿಯಾಗಿದೆ. ‘ಕಿಟಕಿ ತೆಗೀಲಾ?’ ಎನ್ನಬೇಕಾದಲ್ಲಿ ‘ಶಲ್ ಐ ಓಪನ್ ದ ವಿಂಡೊ?’, ‘ಹೋಗೋಣ್ವಾ?’ ಎನ್ನಬೇಕಾದಲ್ಲಿ ‘ಶಲ್ ವಿ ಗೋ?’. ಅಲ್ಲಿ ‘ವಿಲ್ ವಿ ಗೋ?’ ಎಂದರೆ ಎದುರಿನವರು ಹೊರಡುವುದಿಲ್ಲ, ಜ್ಯೋತಿಷಿಯನ್ನು ಕೇಳಿದ ಹಾಗೆ ನಿಮ್ಮ ಮುಖ ನೋಡುತ್ತಾರೆ.